ತೂಬಿನ ಕಡೆಯ ಲಾಂದ್ರ

ಮಾಕಳಿ ಹತ್ತಿರದ ನಮ್ಮೂರ ಕೆರೆ ತುಂಬಿದಾಗ ಹಳೆಯ ಮಣ್ಣಿನ ಏರಿಯನ್ನು ಇಬ್ಬರು ಕಾಯುವುದು ವಾಡಿಕೆ. ಒಬ್ಬ ಕೋಡಿಯಿಂದ, ಇನ್ನೊಬ್ಬ ತೂಬಿನಿಂದ ಬಿರುಕು ನೋಡುತ್ತಾ ಬಂದು, ನಡುವೆ ಲಾಂದ್ರ ಬದಲಾಯಿಸಿಕೊಂಡು ಮರಳಬೇಕು. ಎದುರಿನವನ ಲಾಂದ್ರ ಕೈಗೆ ಬಂದರೆ ಆ ಅರ್ಧವೂ ಭದ್ರ ಎಂದರ್ಥ. ಗದ್ದೆಗಳೆಲ್ಲ ಫ್ಯಾಕ್ಟರಿಗಳಾದ ಮೇಲೆ ನನ್ನೆದುರು ಯಾರೂ ಬರುತ್ತಿರಲಿಲ್ಲ. ಕೋಡಿಯಿಂದ ನಡುವಿನವರೆಗೆ ಹೋಗಿ, ನನ್ನ ಲಾಂದ್ರವನ್ನೇ ಹಿಡಿದು ಹಿಂದಿರುಗುತ್ತಿದ್ದೆ.

ಎಪ್ಪತ್ತೊಂಬತ್ತರ ಮಳೆಗಾಲದ ಒಂದು ಮುಸ್ಸಂಜೆ, ಜಡಿಮಳೆಯಲ್ಲೇ ಕೋಡಿ ಹರಿಯುವ ಸದ್ದು ನಿಂತುಹೋಯಿತು. ನೀರು ಇಳಿಯಿತಲ್ಲ ಎಂದು ನಿರಾಳವಾದೆ. ಅಷ್ಟರಲ್ಲಿ ತೂಬಿನ ಕಡೆಯಿಂದ ಒಂದು ಲಾಂದ್ರ ಬರುವುದು ಕಂಡಿತು. ಖುಷಿಯಿಂದ ಬೇಗ ಬೇಗ ನಡೆದೆ.

ನಡುವೆ ನಿಂತವನ ಮುಖ ಕಂಬಳಿ ಕೊಪ್ಪೆಯೊಳಗಿತ್ತು. ಅಷ್ಟು ಮಳೆಯಲ್ಲೂ ಕಂಬಳಿ ನೆನೆದಿರಲಿಲ್ಲ.

"ಯಾರಣ್ಣ? ಆ ಕಡೆ ಎಂಗೈತೆ?" ಎಂದೆ.

"ದಿನಾ ಒಬ್ನೇ ಬತ್ತೀಯಲ್ಲ," ಎಂದು ಲಾಂದ್ರ ಚಾಚಿದ. ಉರಿಯುತ್ತಿದ್ದರೂ ಅದರ ಗಾಜು ತಣ್ಣಗಿತ್ತು. ನನ್ನದನ್ನು ಅವನಿಗೆ ಕೊಟ್ಟು, ಮನೆಗೆ ಬಂದು ನೆಮ್ಮದಿಯಾಗಿ ಮಲಗಿದೆ.

ಬೆಳಿಗ್ಗೆ ತೂಬಿನ ಪಕ್ಕದ ತೋಟದ ಹನುಮಂತರಾಯಪ್ಪ ಬಾಗಿಲು ಬಡಿದರು.

"ಏರಿ ಕಿತ್ಕೊಂಡೋಯ್ತಲ್ಲೋ! ನಿನ್ನೆ ಬೆಳಕಿದ್ದಂಗೇ ಓಯ್ತು, ಕೆರೆ ನೀರೆಲ್ಲ ಅತ್ಲಾಗೇ ಅರೀತು. ನಮ್ ಕಡೆಯಿಂದ ಒಂದು ನಾಯೀನೂ ದಾಟಂಗಿರ್ಲಿಲ್ಲ."

ಓಡಿ ಹೋಗಿ ನೋಡಿದೆ. ನಾವು ನಿಂತಿದ್ದ ಜಾಗದಿಂದ ನಾಲ್ಕು ಹೆಜ್ಜೆ ಆಚೆಗೆ ಏರಿಯೇ ಇರಲಿಲ್ಲ. ಆ ಕಂದಕದಾಚೆ, ಕೆಸರಿನ ನಡುವೆ ಒಂಟಿಯಾಗಿ ನಿಂತ ತೂಬಿನ ಕಲ್ಲುಗಂಬದಲ್ಲಿ, ಹಿಡಿಗೆ ಕೆಂಪು ವೈರು ಸುತ್ತಿದ ನನ್ನ ಲಾಂದ್ರ ಇನ್ನೂ ಉರಿಯುತ್ತಿತ್ತು.