ಇಲಾಖೆಗೆ ಸೇರದ ಬಿರುಕು

ಮದುವೆಯಾಗಿ ಮೂರೇ ದಿನವಾಗಿದ್ದ ಆ ಜೋಡಿ ಜನಸೌಧದ ಎದುರು ನಿಂತು ನಕ್ಕಿತು. ಗಂಗಹನುಮಕ್ಕ ಗುಂಡಿ ಒತ್ತಿದಳು. ಕ್ಯಾಮೆರಾದಿಂದ ಹೊರಬಂದ ಚಿತ್ರದಲ್ಲಿ ಗಂಡನಿದ್ದ, ಹೆಂಡತಿಯಿದ್ದಳು, ಅವಳು ಮುಡಿದ ಕನಕಾಂಬರವೂ ಇತ್ತು. ಅವರ ಬೆನ್ನ ಹಿಂದೆ ಮಾತ್ರ ಸುಣ್ಣ ಬಳಿದಂಥ ಬಿಳುಪು. ನಾಲ್ಕು ಅಂತಸ್ತಿನ ಕಲ್ಲಿನ ಸೌಧ ಚಿತ್ರದಲ್ಲಿ ಎಲ್ಲೂ ಇರಲಿಲ್ಲ.

“ಇದೇನಕ್ಕಾ, ಸೌಧಾನೇ ಇಲ್ವಲ್ಲ?” ಎಂದ ಗಂಡ.

“ನನ್ನ ಕೇಳ್ಬೇಡಪ್ಪ. ಮೇಲೆ ಕೂತಿದೆಯಲ್ಲ, ಅದನ್ನ ಕೇಳು.”

ಸೌಧದ ತುದಿಯಲ್ಲಿ ಕೊಡದಷ್ಟು ದಪ್ಪದ ಒಂದು ಲೋಹದ ಗೋಳವಿತ್ತು. ಅದರ ಹೆಸರು ಮರೆಗಣ್ಣು. ಎರಡು ವರ್ಷದಿಂದ ರಾಜಧಾನಿಯ ನಡುಪೇಟೆಯ ಸರ್ಕಾರಿ ಕಟ್ಟಡಗಳ ಮೇಲೆಲ್ಲ ಅಂಥದೊಂದು ಕೂತಿತ್ತು. ಪ್ರತಿ ಕ್ಯಾಮೆರಾದಲ್ಲೂ ಒಂದು ಆಜ್ಞಾಬಿಲ್ಲೆ ಇರಲೇಬೇಕೆಂದು ಕಾನೂನು ಬಂದಿತ್ತು. ಯಾರಾದರೂ ಗುಂಡಿ ಒತ್ತಿದ ಕ್ಷಣ ಮರೆಗಣ್ಣು ಆ ಬಿಲ್ಲೆಗೆ ಸಂಕೇತ ಕಳಿಸುತ್ತಿತ್ತು, ಬಿಲ್ಲೆ ಚಿತ್ರದಿಂದ ಸರ್ಕಾರದ್ದನ್ನೆಲ್ಲ ಅಳಿಸಿ ಬಿಳುಪು ತುಂಬುತ್ತಿತ್ತು. ಭದ್ರತೆಗಾಗಿ ಎಂದು ಹೇಳಿದರು. ಯಾರಿಂದ ಯಾರಿಗೆ ಭದ್ರತೆ ಎಂದು ಹೇಳಲಿಲ್ಲ. ರೀಲು ಹಾಕುವ ಹಳೆಯ ಕ್ಯಾಮೆರಾ ಇದ್ದವರಿಗೂ ಪ್ರಯೋಜನವಿರಲಿಲ್ಲ, ರೀಲು ಮಾರುವುದು ನಿಂತು ಹದಿನೈದು ವರ್ಷವಾಗಿತ್ತು.

ಇಪ್ಪತ್ತಾರು ವರ್ಷ ಇದೇ ಕಟ್ಟಡದ ಮುಂದೆ ಜನರನ್ನು ನಿಲ್ಲಿಸಿ ಚಿತ್ರ ತೆಗೆದವಳು ಗಂಗಹನುಮಕ್ಕ. ಅದರ ಕಲ್ಲುಕಲ್ಲೂ ಅವಳಿಗೆ ಗೊತ್ತು. ಆದ್ದರಿಂದಲೇ ಪೂರ್ವದ ಬಾಗಿಲ ಮೇಲಿನ ಬಾಲ್ಕನಿಯಲ್ಲಿ ಬಿರುಕು ಬಿಟ್ಟಾಗ ಮೊದಲು ಕಂಡದ್ದು ಅವಳಿಗೆ. ಯುಗಾದಿ ಹೊತ್ತಿಗೆ ಕೂದಲೆಳೆಯಷ್ಟಿದ್ದದ್ದು ಗಣೇಶನ ಹಬ್ಬದ ಹೊತ್ತಿಗೆ ಬೆರಳು ತೂರುವಷ್ಟಾಗಿತ್ತು. ಆ ಬಾಲ್ಕನಿಯ ಕೆಳಗೆ ಹಾಜರಿ ಯಂತ್ರವಿತ್ತು. ದಿನಾ ಬೆಳಿಗ್ಗೆ ಆರಕ್ಕೆ ನಲವತ್ತೆರಡು ಮಂದಿ ಕಸ ಗುಡಿಸುವವರು ಅಲ್ಲೇ ಸಾಲು ನಿಂತು ಹೆಬ್ಬೆಟ್ಟು ಒತ್ತುತ್ತಿದ್ದರು. ಅವರಲ್ಲಿ ಅವಳ ಒಡಹುಟ್ಟಿದ ತಂಗಿ ಸಾಕಮ್ಮನೂ ಒಬ್ಬಳು. ಕಲ್ಲು ಬಿದ್ದರೆ ನೇರ ಅವರ ತಲೆಯ ಮೇಲೆಯೇ.

ಗಂಗಹನುಮಕ್ಕ ಮೂರು ಸಲ ದೂರು ಕೊಟ್ಟಳು, ಮೂರು ಸಲವೂ ವಾಪಸು ಬಂತು. ಅರ್ಜಿಯ ಕೆಳಗೆ ಅಚ್ಚಾಗಿತ್ತಲ್ಲ: ‘ದೂರಿನೊಂದಿಗೆ ಸ್ಥಳದ ಛಾಯಾಚಿತ್ರವನ್ನು ಲಗತ್ತಿಸತಕ್ಕದ್ದು.’ ಅವಳು ಲಗತ್ತಿಸಿದ್ದೂ ಆಯಿತು. ಗುಮಾಸ್ತ ಆ ಬಿಳಿಯ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಇದ್ರಲ್ಲಿ ಏನಮ್ಮ ಇದೆ?” ಎಂದಿದ್ದ. ತೆಗೆದದ್ದನ್ನು ಅಳಿಸುವವರೂ ಅವರೇ, ತೆಗೆದುಕೊಂಡು ಬಾ ಎನ್ನುವವರೂ ಅವರೇ. ಅವಳ ಮೈಯೆಲ್ಲ ಉರಿದುಹೋಯಿತು.

ಆ ವಾರವೇ ಮರೆಗಣ್ಣನ್ನು ರೂಪಿಸಿದ ವಿಜ್ಞಾನಿ ಡಾ. ವೃಷಭೇಂದ್ರ ಯಂತ್ರದ ತಪಾಸಣೆಗೆ ಬಂದರು. ಅವರು ಕಾರಿನಿಂದ ಇಳಿಯುವುದಕ್ಕೂ ಅವಳು ಅಡ್ಡ ನಿಲ್ಲುವುದಕ್ಕೂ ಸರಿಹೋಯಿತು.

“ಸ್ವಾಮಿ, ಆ ಬಿರುಕು ನಿಮ್ಮ ಕಣ್ಣಿಗೆ ಕಾಣ್ತದಾ?”

ವೃಷಭೇಂದ್ರ ತಲೆಯೆತ್ತಿ ನೋಡಿದರು. “ಕಾಣುತ್ತೆ. ಅಪಾಯವಾಗಿದೆ.”

“ಹಂಗಾದ್ರೆ ನಿಮ್ಮ ಯಂತ್ರ ಅದನ್ನ ಯಾಕೆ ಅಳ್ಸುತ್ತೆ?”

“ಯಂತ್ರಕ್ಕೆ ಬಿರುಕು, ಕಂಬ ಅಂತೆಲ್ಲ ಗೊತ್ತಾಗೋದಿಲ್ಲಮ್ಮ. ಅದಕ್ಕೆ ನಾನು ಸರ್ಕಾರಿ ಆದೇಶವನ್ನೇ ಅಕ್ಷರ ಬಿಡದೆ ಉಣಿಸಿದ್ದೇನೆ. ‘ಸರ್ಕಾರಕ್ಕೆ ಸೇರಿದ ಕಟ್ಟಡ, ವಾಹನ, ಪೀಠೋಪಕರಣ, ಸಿಬ್ಬಂದಿ’. ಏನು ಸೇರಿದ್ದು, ಯಾರು ಸೇರಿದವರು ಅನ್ನೋದನ್ನ ಅದು ಇಲಾಖೆಗಳ ಪತ್ರ ಓದಿ ತಿಳ್ಕೊಳ್ಳುತ್ತೆ. ಮೊಹರು ಬಿದ್ದು ರವಾನೆಯಾದ ಪ್ರತಿ ಪತ್ರವನ್ನೂ ಓದುತ್ತೆ. ಪತ್ರದಲ್ಲಿ ಏನೂ ಇಲ್ಲದಿದ್ರೆ, ಸಮವಸ್ತ್ರ, ಲಾಂಛನ ನೋಡಿ ಅಳಿಸುತ್ತೆ.”

“ಅಂದ್ರೆ ಅದಕ್ಕೆ ಅಕ್ಷರ ಗೊತ್ತು, ಅರ್ಥ ಗೊತ್ತಿಲ್ಲ.”

“ಹೌದು.”

“ನಿಮಗೆ ಗೊತ್ತಿತ್ತಲ್ಲ ಸ್ವಾಮಿ? ಅಷ್ಟು ಓದ್ಕೊಂಡಿದ್ದೀರ. ನನ್ನ ತಂಗಿ ಅದ್ರ ಕೆಳಗೆ ನಿಲ್ತಾಳೆ. ಅವಳು ಸತ್ರೆ ಹೆಣಾನೂ ಚಿತ್ರದಲ್ಲಿ ಬರೋದಿಲ್ಲ, ಅಲ್ವಾ?”

ವೃಷಭೇಂದ್ರ ಮುಖ ತಗ್ಗಿಸಿದರು. ಆದೇಶ ಬದಲಿಸುವ ಅಧಿಕಾರ ತಮಗಿಲ್ಲವೆಂದರು. ಎಲ್ಲರೂ ಹೇಳುವುದು ಅದನ್ನೇ. ನಾಡಿನಲ್ಲಿ ಅಷ್ಟು ದೊಡ್ಡ ಸೌಧ ಕಟ್ಟಿಸಿದ್ದಾರೆ, ಅಧಿಕಾರವಿರುವವನೊಬ್ಬ ಅದರೊಳಗೆ ಸಿಗುವುದಿಲ್ಲ.

ಅವಳು ಅಲ್ಲಿಂದ ನೇರವಾಗಿ ಕಾರ್ಯಪಾಲಕ ಅಭಿಯಂತರ ಧರಣಪ್ಪನವರ ಕೋಣೆಗೆ ನುಗ್ಗಿದಳು. ಜವಾನ ತಡೆದರೂ ಕಿವಿಗೆ ಹಾಕಿಕೊಳ್ಳಲಿಲ್ಲ.

“ಬಿರುಕು ಮುಚ್ಚಿಸ್ತೀರೋ ಇಲ್ವೋ? ಇಲ್ಲ ಅನ್ನೋದಾದ್ರೆ ಹಿಂಬರಹ ಕೊಡಿ. ಕೊಡೋ ತನಕ ನಾನಿಲ್ಲಿಂದ ಅಲ್ಲಾಡಲ್ಲ.”

ಅರ್ಜಿದಾರರಿಗೆ ಇಲಾಖೆ ಬರೆದುಕೊಡುವ ಉತ್ತರಕ್ಕೆ ಹಿಂಬರಹ ಎನ್ನುತ್ತಾರೆ. ಅದನ್ನು ಬರೆಯುವುದರಲ್ಲಿ ಧರಣಪ್ಪನವರದು ಪಳಗಿದ ಕೈ. ನಿವೃತ್ತಿಗೆ ಏಳು ತಿಂಗಳಿತ್ತು, ಯಾವ ಕಾಗದದಲ್ಲೂ ಸಿಕ್ಕಿಬೀಳಲು ಅವರಿಗೆ ಇಷ್ಟವಿರಲಿಲ್ಲ. ಐದೇ ನಿಮಿಷದಲ್ಲಿ ಬರೆಸಿ, ಸಹಿ ಹಾಕಿ, ಮೊಹರು ಒತ್ತಿಸಿ, ರವಾನೆ ಸಂಖ್ಯೆ ಹಾಕಿಸಿ ಕೊಟ್ಟರು.

‘ತಮ್ಮ ಅರ್ಜಿಯನ್ನು ಪರಿಶೀಲಿಸಲಾಗಿ, ಸದರಿ ಬಿರುಕು ಈ ಇಲಾಖೆಗಾಗಲಿ ಸರ್ಕಾರದ ಇತರೆ ಯಾವುದೇ ಇಲಾಖೆಗಾಗಲಿ ಸೇರಿದ್ದಲ್ಲ. ಅದರ ಕೆಳಗೆ ನಿಲ್ಲುವರೆನ್ನಲಾದ ನಲವತ್ತೆರಡು ಜನರು ಗುತ್ತಿಗೆಯವರಾಗಿದ್ದು, ಸರ್ಕಾರಕ್ಕೆ ಸೇರಿದವರಲ್ಲ ಎಂದು ಈ ಮೂಲಕ ತಿಳಿಯಪಡಿಸಿದೆ.’

ಗಂಗಹನುಮಕ್ಕ ಅದನ್ನು ಎರಡು ಸಲ ಓದಿದಳು. ಹತ್ತೊಂಬತ್ತು ವರ್ಷ ಸರ್ಕಾರದ ಲಾಂಛನವಿರುವ ನೀಲಿ ಕೋಟು ತೊಟ್ಟು, ಸರ್ಕಾರದ ಪೊರಕೆ ಹಿಡಿದು, ಸರ್ಕಾರದ ಅಂಗಳ ಗುಡಿಸಿದ ತಂಗಿ ಯಾರಿಗೂ ಸೇರಿದವಳಲ್ಲ! ಸಿಟ್ಟಿಗೆ ಅವಳ ಕಣ್ಣಲ್ಲಿ ನೀರು ಬಂತು. ಧರಣಪ್ಪನವರಿಗೆ ಶಾಪ ಹಾಕಿಯೇ ಹೊರಗೆ ಬಂದಳು.

ಮರುದಿನ ಬೆಳಿಗ್ಗೆ ಆರಕ್ಕೆ ಪೂರ್ವದ ಬಾಗಿಲ ಎದುರು ನಿಂತು, ಏನೂ ಬರುವುದಿಲ್ಲವೆಂದು ಗೊತ್ತಿದ್ದೂ ಹಟಕ್ಕೆ ಬಿದ್ದು ಗುಂಡಿ ಒತ್ತಿದಳು. ಚಿತ್ರ ಹೊರಬಂತು. ಸೌಧ ಎಂದಿನಂತೆ ಬಿಳುಪಾಗಿತ್ತು. ಆ ಬಿಳುಪಿನ ಮೇಲೆ ಕಪ್ಪಗೆ, ಬೇರು ಬಿಟ್ಟ ಹಾಗೆ, ಬಿರುಕೊಂದೇ ನಿಂತಿತ್ತು. ಅದರ ಕೆಳಗೆ ನಲವತ್ತೆರಡು ಜನ. ಎರಡು ವರ್ಷದಿಂದ ಯಾವ ಚಿತ್ರದಲ್ಲೂ ಕಾಣದಿದ್ದ ಸಾಕಮ್ಮ ಪೊರಕೆ ಹಿಡಿದು ಆಕಳಿಸುತ್ತಿದ್ದಳು.

ಅವಳಿಗೆ ವಿಷಯ ಹೊಳೆಯಲು ತಡವಾಗಲಿಲ್ಲ. ಮರೆಗಣ್ಣು ಹಿಂಬರಹವನ್ನು ಓದಿಬಿಟ್ಟಿತ್ತು.

ಸುದ್ದಿ ಹಬ್ಬಿ, ಮರುದಿನ ಬೆಳಿಗ್ಗೆ ಹಾಜರಿ ಹೊತ್ತಿಗೆ ಊರಿಗೆ ಊರೇ ಕ್ಯಾಮೆರಾ ಹಿಡಿದು ಬಂತು. ಎಲ್ಲರ ಚಿತ್ರದಲ್ಲೂ ಅದೇ: ಕಟ್ಟಡವಿಲ್ಲದ ಬಿರುಕು, ಅದರಡಿ ಸಾಲುನಿಂತ ಬಡಪಾಯಿಗಳು. ಸೋಮವಾರ ಹೊರದೇಶದ ಪ್ರತಿನಿಧಿಗಳು ಸೌಧಕ್ಕೆ ಬರುವವರಿದ್ದರು. ಮೇಲಿನವರು ವೃಷಭೇಂದ್ರರನ್ನು ಕರೆಸಿ ಕೂಗಾಡಿದರು.

“ಯಂತ್ರ ಆರಿಸಿದರೆ ಬಿರುಕಿನ ಜೊತೆ ಕಟ್ಟಡವೂ ಕಾಣುತ್ತೆ,” ಎಂದರು ವೃಷಭೇಂದ್ರ. “ಇದನ್ನ ಮರೆಮಾಡೋಕೆ ಒಂದೇ ದಾರಿ. ಬಿರುಕು ನಮಗೆ ಸೇರಿದ್ದು, ಆ ಜನರೂ ನಮಗೆ ಸೇರಿದವರು ಅಂತ ಬರೆದುಕೊಡಿ. ಅಳಿಸಿಹೋಗುತ್ತೆ.” ಹೇಳುವಾಗ ಅವರ ದನಿಯಲ್ಲಿ ಸಂತೋಷವಿತ್ತು ಎಂದು ಜವಾನ ಆಮೇಲೆ ಹೇಳಿದ.

ಅವಸರದಲ್ಲಿ ಯಾರೂ ಮುಂದಿನದನ್ನು ಯೋಚಿಸಲಿಲ್ಲ. ಧರಣಪ್ಪನವರೇ ಹಾಗೆಂದು ಪತ್ರ ಬರೆಸಿ ಸಹಿ ಹಾಕಿದರು. ಚಿತ್ರಗಳು ಮತ್ತೆ ಬಿಳುಪಾದವು. ಆದರೆ ಬಿರುಕು ಇಲಾಖೆಯದೆಂದು ತಾನೇ ಸಹಿ ಹಾಕಿದ ಮೇಲೆ ಬಾಲ್ಕನಿ ಕಳಚಿ ಬಿದ್ದರೆ ಹೋಗುವುದು ತನ್ನ ಪಿಂಚಣಿಯೇ ಎಂಬುದು ಮನೆಗೆ ಹೋದ ಮೇಲೆ ಅವರಿಗೆ ಹೊಳೆಯಿತು. ಬೆಳಗಾಗುವಷ್ಟರಲ್ಲಿ ಬಾಲ್ಕನಿಯ ಕೆಳಗೆ ಉಕ್ಕಿನ ಕಂಬಗಳು ನಿಂತವು, ಹಾಜರಿ ಯಂತ್ರ ದೂರ ಸರಿಯಿತು. ಆ ನಲವತ್ತೆರಡು ಮಂದಿ ಅದೇ ಪತ್ರ ಹಿಡಿದು ನ್ಯಾಯಾಲಯಕ್ಕೆ ಹೋದರು. ನ್ಯಾಯಾಧೀಶರಿಗೆ ‘ಸರ್ಕಾರಕ್ಕೆ ಸೇರಿದವರು’ ಎಂಬ ಆ ಒಂದು ಸಾಲೇ ಸಾಕಾಯಿತು. ಮುಷ್ಕರಗಳಿಗೆ, ಧರಣಿಗಳಿಗೆ, ಲಾಠಿ ಏಟಿಗೆ ದಕ್ಕದ ಕಾಯಂ ನೌಕರಿ ಹಾಗೆ ದಕ್ಕಿತು.

ನೇಮಕಾತಿ ಪತ್ರ ಬಂದ ದಿನ ಸಾಕಮ್ಮ ಹೊಸ ಸೀರೆಯುಟ್ಟು ಬಂದಳು. ಪತ್ರವನ್ನು ಎದೆಗವಚಿಕೊಂಡು ಸೌಧದ ಮುಂದೆ ನಿಂತಳು. “ಅಕ್ಕ, ಚೆಂದಾಗಿ ತೆಗಿ. ಊರಲ್ಲಿ ಎಲ್ಲರಿಗೂ ತೋರಿಸ್ಬೇಕು.”

ಚಿತ್ರ ಹೊರಬಂತು. ಸಾಕಮ್ಮ ಅದನ್ನು ಕಿತ್ತುಕೊಂಡು ನೋಡಿದಳು. ಬರೀ ಬಿಳುಪು.

“ನಾನೆಲ್ಲಕ್ಕಾ?”

“ಸರ್ಕಾರಕ್ಕೆ ಸೇರ್ಬಿಟ್ಟೆಯಲ್ಲೇ.”

ಸಾಕಮ್ಮ ತಲೆಯೆತ್ತಿ ಗೋಳವನ್ನು ನೋಡಿದಳು. “ಬೇಡ ಅಂದಾಗ ತೋರಿಸ್ತಾರೆ, ಬೇಕು ಅಂದಾಗ ಅಳಿಸ್ತಾರೆ. ಇವ್ರ ಮನೆ ಹಾಳಾಗ!” ಎಂದು ಬೈದಳು. ಬೈದು, ಹೊಸ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಪೊರಕೆ ತೆಗೆದುಕೊಂಡು ಕೆಲಸಕ್ಕೆ ಹೋದಳು.