ಭಾವನ ಪೆಟ್ಟಿಗೆಯಲ್ಲಿ ಒಂದು ಬಟ್ಟಲು

"ಇವನು ನಮ್ಮಲ್ಲಿ ಪ್ಯಾಕಿಂಗ್ ನೋಡ್ಕೋತಾನೆ."

ಭಾವ ಅಂದದ್ದು ಇಷ್ಟೇ. ಆದರೆ ಅಂದದ್ದು ಹೊರದೇಶದ ಗಿರಾಕಿಯ ಎದುರಿಗೆ. ಆ ಹೆಂಗಸು ಮರದ ಬಟ್ಟಲೊಂದನ್ನು ಕಿಟಕಿಯ ಬೆಳಕಿಗೆ ಹಿಡಿದು, ತುಟಿಯಂಚಿನ ತಿರುವನ್ನು ಬೆರಳಿನಿಂದ ಸವರಿ, ಇದನ್ನು ಮಾಡಿದ್ದು ಯಾರು ಎಂದು ಕೇಳಿದ್ದಳು. ಮಾಡಿದವನು ಎದುರಿಗೇ ನಿಂತಿದ್ದ. ಆ ತಿರುವು ಕಡೆಯುವ ಯಂತ್ರದಲ್ಲಿ ಹುಟ್ಟಿದ್ದಲ್ಲ, ಅವನ ಕೈಯಲ್ಲಿ ಹುಟ್ಟಿದ್ದು. ಭಾವ ಮಾತ್ರ "ನಮ್ಮ ಕಾರ್ಖಾನೆ" ಎಂದು ಹಲ್ಲು ಬಿಟ್ಟ. ಆಮೇಲೆ, ಮನೆಯ ನಾಯಿಯನ್ನು ಪರಿಚಯ ಮಾಡಿಸುವವನ ಹಾಗೆ, ಹೆಂಡತಿಯ ತಮ್ಮನ ಕಡೆ ಗದ್ದ ಚಾಚಿ ಆ ಮಾತು ಆಡಿದ. ಕೈಯಲ್ಲಿ ಅಂಟುಪಟ್ಟಿಯ ಸುರುಳಿ ಹಿಡಿದು ನಿಂತಿದ್ದ ತಮ್ಮನಿಗೆ ಕಿವಿಯವರೆಗೂ ರಕ್ತ ಏರಿತು.

ಕೆಲಸಗಾರರೆಲ್ಲ ಅವನನ್ನು ಚಿಕ್ಕ ಯಜಮಾನ ಎಂದೇ ಕರೆಯುತ್ತಿದ್ದರು. ಹೆಸರಿಗೆ ಯಜಮಾನ, ಕೈಗೆ ಚಿಪ್ಪು.

ಅವನು ಭಾವನ ಕಾರ್ಖಾನೆ ಬಿಟ್ಟು ಊರಾಚೆ ತನ್ನದೇ ಶೆಡ್ ಹಾಕಿದ. ಆ ಗಿರಾಕಿಗೆ ಮಾದರಿಯಾಗಿ ನಾಲ್ಕು ಬಟ್ಟಲು ಕಳಿಸಿದ. ಆ ಹೆಂಗಸು ಒಂದು ಕಂಟೇನರ್ ಮಾಲಿಗೆ ಒಪ್ಪಿದಳು. ಜತೆಗೆ ಭಾವನಿಗೂ ಇವನಿಗೂ ಒಂದೇ ಮಾತು ತಿಳಿಸಿದಳು: ನನ್ನ ಅಂಗಡಿಗಳಲ್ಲಿ ಒಬ್ಬರ ಬಟ್ಟಲಿಗೆ ಮಾತ್ರ ಜಾಗ, ಮುಂದಿನ ವರ್ಷಕ್ಕೆ ಯಾರು ಅನ್ನುವುದನ್ನು ಈ ಸಲದ ಮಾಲು ನೋಡಿ ಹೇಳುತ್ತೇನೆ. ಇವನ ಶೆಡ್ಡು, ಇವನನ್ನು ನಂಬಿ ಭಾವನನ್ನು ಬಿಟ್ಟು ಬಂದ ಮೂವರು ಕುಶಲಿಗರು, ಇವನ ಮೀಸೆ, ಎಲ್ಲವೂ ಆ ಒಂದು ಜಾಗದ ಮೇಲೆ ನಿಂತಿದ್ದವು.

ಮಾಲಿನ ಗುಣದಲ್ಲಿ ಗೆಲ್ಲುತ್ತೇನೆ ಎಂಬ ನಂಬಿಕೆ ಅವನಿಗಿತ್ತು. ಆದರೆ ಸಿಟ್ಟಿಗೆ ಗೆದ್ದರೆ ಸಾಲದು, ಎದುರಿನವನು ಬೀಳುವುದನ್ನೂ ನೋಡಬೇಕು.

ದೇಶದೇಶಗಳ ನಡುವಿನ ವ್ಯಾಪಾರ ಯಾವುದರ ಮೇಲೆ ನಿಂತಿದೆ ಎಂಬುದನ್ನು ಅವನು ತನಗೆ ತಿಳಿದಷ್ಟು ಅರ್ಥ ಮಾಡಿಕೊಂಡಿದ್ದ. ಬೆಲೆಯಲ್ಲ, ಭಯ. ಅಂಗಡಿಯವಳಿಗೆ ಗಿರಾಕಿಯ ಭಯ, ಹಡಗಿನವನಿಗೆ ಬಂದರಿನ ಭಯ, ಬಂದರಿನವನಿಗೆ ಹುಳುವಿನ ಭಯ. ಮರ ಕೊರೆಯುವ ಒಂದು ಹುಳು ಇಳಿದರೆ ತಮ್ಮ ಕಾಡೇ ಹೋಯಿತು ಎಂದು ಅಲ್ಲಿಯವರು ನಡುಗುತ್ತಾರೆ. ಅದಕ್ಕೇ ಪ್ರತಿ ಬಟ್ಟಲನ್ನೂ ಬಿಸಿ ಕೋಣೆಯಲ್ಲಿಟ್ಟು ಹುಳು ಸಾಯಿಸಿಯೇ ಕಳಿಸಬೇಕು. ಬಿಸಿ ಕೋಣೆ ದಾಟಿದ ಮೇಲೆ, ರಟ್ಟಿನ ಪೆಟ್ಟಿಗೆಯ ಬಾಯಿ ಮುಚ್ಚುವ ಮೊದಲು, ಒಂದು ಸಣ್ಣ ಸಂದು ಇದೆ. ಆ ಸಂದನ್ನು ಅವನಷ್ಟು ಬಲ್ಲವರು ಇನ್ನೊಬ್ಬರಿರಲಿಲ್ಲ.

ಗುಜರಿ ಅಂಗಡಿಯಲ್ಲಿ ಹಳೆಯ ಮಂಚದ ಕಾಲೊಂದು ಸಿಕ್ಕಿತು. ಒಳಗೆ ಹುಳು ಊಟಕ್ಕೆ ಕೂತಿತ್ತು. ಅದರಿಂದಲೇ ಬಟ್ಟಲು ಕಡೆದ. ತಿರುವು, ದಪ್ಪ, ಬುಡದ ಉಂಗುರ ಎಲ್ಲ ಭಾವನ ಮಾಲಿನ ಹಾಗೇ. ತೂತುಗಳಿಗೆ ಮೇಣ ಮತ್ತು ಮರದ ಪುಡಿ ತುಂಬಿ ಪಾಲಿಶ್ ಹಚ್ಚಿದ. ಆ ಪಾಲಿಶ್ಶಿನ ಹದವನ್ನು ಭಾವನಿಗೆ ಕಲಿಸಿದವನೂ ಅವನೇ. ನೋಡಲು ಅದು ಲಕ್ಷಣವಾದ ಬಟ್ಟಲು. ಕಿವಿಗಿಟ್ಟರೆ ಮಾತ್ರ ಒಳಗಿನಿಂದ ಕಿರ್ ಕಿರ್ ಸದ್ದು, ಯಾರೋ ದೂರದಲ್ಲಿ ಹಲ್ಲು ಕಡಿಯುತ್ತಿರುವಂತೆ.

"ಏನ್ರೀ ಅದು, ಬಟ್ಟಲನ್ನ ಕಿವಿಗಿಟ್ಕೊಂಡು ಕೂತಿದೀರಾ? ಯಾರದು ಫೋನು?" ಎಂದಳು ಹೆಂಡತಿ.

"ಮರ ಹಸಿ ಇದೆಯಾ ಅಂತ ನೋಡ್ತಿದ್ದೆ."

"ಹಸಿ ಇದ್ರೆ ಅದೇ ಬಾಯಿಬಿಟ್ಟು ಹೇಳುತ್ತಾ?"

ಅವನು ನಕ್ಕ. ಸದ್ದು ನಿಲ್ಲಲಿಲ್ಲ.

ಇನ್ನು ಉಳಿದದ್ದು ಹಡಗಿನ ಸರದಿ. ಇಬ್ಬರ ಮಾಲನ್ನೂ ಬಂದರಿಗೆ ಸಾಗಿಸುವ ಏಜೆಂಟ್ ಒಬ್ಬನೇ. ಅವನು ಫೋನ್ ಮಾಡಿ, "ಸಾರ್, ಈ ವಾರದ ಹಡಗಲ್ಲಿ ಜಾಗ ಇದೆ. ನಿಮ್ದು ರೆಡಿ ಇದೆಯಲ್ಲ, ಹಾಕಿಬಿಡ್ಲಾ? ನಿಮ್ಮ ಭಾವಂದು ಮುಂದಿನ ವಾರ ಹೋಗುತ್ತೆ" ಎಂದ.

ಚಿಕ್ಕ ಯಜಮಾನ ಒಂದು ಗಳಿಗೆ ಯೋಚಿಸಿದ. ತನ್ನ ಮಾಲು ಮೊದಲು ಮುಟ್ಟಿದರೆ ಏನು ಬಂತು? ಅದು ಅಂಗಡಿಯಲ್ಲಿ ಸುಮ್ಮನೆ ಕೂತಿರುತ್ತದೆ. ಭಾವನ ಪೆಟ್ಟಿಗೆ ಮೊದಲು ತೆರೆಯಬೇಕು, ಹುಳು ಹೊರಗೆ ಬರಬೇಕು, ಆ ಹೆಂಗಸು ಬಾಯಿ ಬಡಿದುಕೊಳ್ಳಬೇಕು. ಅಷ್ಟರಲ್ಲಿ ತನ್ನ ಮಾಲು ಬಂದು ಇಳಿಯಬೇಕು, ಮುಳುಗುವವಳಿಗೆ ದೋಣಿ ಸಿಕ್ಕ ಹಾಗೆ.

"ಬೇಡ. ಭಾವಂದು ಮೊದಲು ಹೋಗ್ಲಿ, ಅದಾದ ಮೇಲಿನ ಹಡಗಿಗೆ ನಂದು ಹಾಕು. ದೊಡ್ಡೋರು ಅವರು."

"ಇಂಥ ಮರ್ಯಾದೆ ಈಗಿನ ಕಾಲದಲ್ಲಿ ಎಲ್ಲಿದೆ ಸಾರ್!" ಎಂದ ಏಜೆಂಟ್.

ಭಾವನ ಲೋಡಿಂಗ್ ದಿನ ಮಧ್ಯಾಹ್ನ ಹುಳುವಿನ ಬಟ್ಟಲನ್ನು ಚೀಲದಲ್ಲಿಟ್ಟುಕೊಂಡು, ಅಕ್ಕನನ್ನು ನೋಡುವ ನೆಪದಲ್ಲಿ ಹೊರಟ. ಅವಳ ಮನೆ ಕಾರ್ಖಾನೆಯ ಹಿಂದೆಯೇ. ಕಾರ್ಖಾನೆಯೊಳಗಿಂದ ಹಾದು ಹೋಗುವುದು ಅವನ ಮಾಮೂಲು. ಲೋಡ್ ಮಾಡುವವರ ಗುಂಪಿನಲ್ಲಿ ಎಲ್ಲರೂ ಗಡ್ಡ ಎನ್ನುತ್ತಿದ್ದ ಹಿರಿಯ ಆಳು ಅವನನ್ನು ಕಂಡು ಬಾಯಿತುಂಬ ನಕ್ಕ.

"ಏನು ಚಿಕ್ಕ ಯಜಮಾನ್ರೇ, ಕೈ ಕಡೀತಿದೆಯಾ?"

"ಹೂಂ ಕಣೋ. ನೀನು ಅಂಟಿಸೋದು ನೋಡಿದ್ರೆ ಗಾಯಕ್ಕೆ ಪಟ್ಟಿ ಕಟ್ಟಿದ ಹಾಗಿದೆ. ಕೊಡಿಲ್ಲಿ."

ಎಲ್ಲರೂ ಗೊಳ್ಳೆಂದು ನಕ್ಕರು. ಆ ನಗುವಿನಲ್ಲೇ ಕೆಲಸ ಮುಗಿಯಿತು. ಒಂದು ಒಳ್ಳೆಯ ಬಟ್ಟಲು ಚೀಲಕ್ಕೆ ಬಂತು, ಚೀಲದ್ದು ಪೆಟ್ಟಿಗೆಗೆ ಹೋಯಿತು. ಅವನು ಪೆಟ್ಟಿಗೆಯ ಬಾಯಿ ಮುಚ್ಚಿ, ಅಂಟುಪಟ್ಟಿ ಎಳೆದು, ಅಂಗೈಯಿಂದ ಒತ್ತಿದ. ತಲೆಯೆತ್ತಿದರೆ ಎದುರಿಗೆ ಭಾವ.

ಚೀಲವನ್ನು ಬೆನ್ನ ಹಿಂದೆ ಸರಿಸಿದ.

"ನೀನ್ಯಾಕೆ ಅದನ್ನೆಲ್ಲ ಮಾಡೋದು," ಎಂದ ಭಾವ, ನೆಲ ನೋಡುತ್ತ. "ಆಳುಗಳಿದ್ದಾರಲ್ಲ. ನಿಮ್ಮಕ್ಕ ಕಾಯ್ತಿದ್ದಾಳೆ, ಹೋಗಿ ಊಟ ಮಾಡು."

ಅಕ್ಕ ತಟ್ಟೆ ಇಡುತ್ತ, "ಬಾಯಲ್ಲಿ ಹೇಳಲ್ಲ ಮಹಾರಾಯ್ರು. ನೀನು ಹೋದಾಗಿಂದ ಅನ್ನ ಸರಿಯಾಗಿ ಗಂಟಲಲ್ಲಿ ಇಳೀತಿಲ್ಲ ಅವರಿಗೆ. ಇಬ್ರೂ ಒಂದೇ ಕಲ್ಲಲ್ಲಿ ಕಡೆದ ಹೆಡ್ಡರು" ಎಂದಳು. ಅವನು ತಲೆ ತಗ್ಗಿಸಿ ಉಂಡ. ಪೆಟ್ಟಿಗೆಯನ್ನು ವಾಪಸ್ ತೆಗೆಯಲು ಆಗಲೂ ಸಮಯವಿತ್ತು. ಹೊರಗೆ ಕಂಟೇನರಿನ ಬಾಗಿಲು ಧಡಾರೆಂದು ಮುಚ್ಚಿಕೊಂಡಿತು. ಅವನು ಇನ್ನೊಂದು ತುತ್ತು ಬಾಯಿಗಿಟ್ಟ.

ಆಮೇಲಿನ ದಿನಗಳಲ್ಲಿ ಅವನು ಒಳ್ಳೆಯವನಾಗಿಬಿಟ್ಟ. ಆಳುಗಳನ್ನು ಗದರಲಿಲ್ಲ, ಹೆಂಡತಿಗೆ ಎದುರಾಡಲಿಲ್ಲ. ತನ್ನ ಕಂಟೇನರನ್ನು ತಾನೇ ನಿಂತು ತುಂಬಿಸಿದ, ಒಂದೊಂದು ಬಟ್ಟಲನ್ನೂ ಕೂಸಿನ ಹಾಗೆ ಸುತ್ತಿ. ಹಗಲಲ್ಲಿ ಕೆಲಸದ ನಡುವೆ ಕೈ ನಿಂತಾಗ ಮಾತ್ರ ಸಮುದ್ರದ ಮೇಲಿನ ಆ ಕತ್ತಲ ಪೆಟ್ಟಿಗೆ ನೆನಪಾಗುತ್ತಿತ್ತು. ಅದರೊಳಗೆ ಕಿರ್ ಕಿರ್ ಎನ್ನುತ್ತ ತನ್ನ ಹುಳು ಮೇಯುತ್ತಿರಬಹುದು ಅನಿಸುತ್ತಿತ್ತು.

ಸುದ್ದಿ ಬಂದದ್ದು ಅಕ್ಕನಿಂದ. ಅಲ್ಲಿಯ ಬಂದರಿನಲ್ಲಿ ಭಾವನ ಮಾಲಿನೊಳಗೆ ಜೀವಂತ ಹುಳು ಸಿಕ್ಕಿತಂತೆ, ಇಡೀ ಕಂಟೇನರನ್ನು ಸುಟ್ಟರಂತೆ. ಅವನು ಓಡಿಹೋದ. ಭಾವ ಬಿಸಿ ಕೋಣೆಯ ಬಾಗಿಲಲ್ಲಿ ಕೂತು, "ನಾನೇ ನಿಂತು ನೋಡಿದ್ದೆ ಕಣೋ, ನಾನೇ ನಿಂತು ನೋಡಿದ್ದೆ" ಎಂದು ಒಂದೇ ಮಾತು ಹೇಳುತ್ತಿದ್ದ. ಚಿಕ್ಕ ಯಜಮಾನ ಅವನ ಹೆಗಲ ಮೇಲೆ ಕೈ ಇಟ್ಟ. ಆ ಹೆಗಲು ಕುಸಿದಿದ್ದು ಅಂಗೈಗೆ ಹಿತವಾಗಿ ತಿಳಿಯಿತು.

ಶೆಡ್ಡಿಗೆ ಮರಳಿ ಕುರ್ಚಿಯಲ್ಲಿ ಕಾಲು ಚಾಚಿ ಏಜೆಂಟಿಗೆ ಫೋನ್ ಮಾಡಿದ. ತನ್ನ ಮಾಲು ಯಾವತ್ತು ಇಳಿಯುತ್ತದೆ ಎಂದು ಕೇಳಿದ. "ಇಳಿಯೋದೆಲ್ಲಿ ಬಂತು ಸಾರ್? ನಿಮಗೆ ಗೊತ್ತಾಗ್ಲಿಲ್ವಾ? ನಮ್ಮ ದೇಶದ ಮರದ ಮಾಲು ಯಾರದ್ದೇ ಆಗಿರ್ಲಿ, ಇವತ್ತಿಂದ ಒಂದೂ ಒಳಗೆ ಬಿಡಲ್ವಂತೆ. ಹಡಗಲ್ಲಿ ಇರೋದನ್ನೂ ಸುಡ್ತಾರಂತೆ." ಚಿಕ್ಕ ಯಜಮಾನ ಎದ್ದು ನಿಂತ. ಹುಳು ಸಿಕ್ಕಿದ್ದು ಭಾವನ ಮಾಲಲ್ಲಿ, ತನ್ನ ಕಂಪನಿ ಬೇರೆ, ತನ್ನ ಹೆಸರು ಬೇರೆ, ಹೇಳು ಅವರಿಗೆ ಎಂದು ಕೂಗಿದ. ಏಜೆಂಟ್ ಮೆಲ್ಲಗೆ, ತಿಳಿಯದವನಿಗೆ ತಿಳಿಹೇಳುವಂತೆ, ಅಂದ: "ಹೆಸರು ನೋಡೋದು ಅಂಗಡಿಯವಳು ಸಾರ್. ಬಂದರಿನವರು ಪೆಟ್ಟಿಗೆ ಎಲ್ಲಿಂದ ಬಂತು ಅಂತ ಮಾತ್ರ ನೋಡ್ತಾರೆ, ಯಾರಿಂದ ಬಂತು ಅಂತಲ್ಲ."