ಋ ಇಲ್ಲದ ಕೈಬರಹ

ನನ್ನ ಹೆಸರು ಋಷಭಕುಮಾರ. ಗಂಡನ ಹೆಸರು ಬರೆಯಬಾರದೆಂದು ನನ್ನ ಸುಮತಿ ಸ್ತೋತ್ರದಲ್ಲೂ ಋಷಭದೇವನನ್ನು ಆದಿನಾಥನೆಂದೇ ಬರೆಯುತ್ತಿದ್ದಳು. ಅವಳು ತೀರಿಕೊಂಡ ಮೇಲೆ, ನಾಗಪುರದ ನಮ್ಮ ಮನೆಯಲ್ಲಿ ಮೊಮ್ಮಗಳು ನಯನಾ ಆ ಸ್ತೋತ್ರದ ಹಳೆಯ ಹಾಳೆಗಳಿಂದ ಅಜ್ಜಿಯ ಕೈಬರಹದ ಫಾಂಟ್ ಮಾಡಿದಳು. ಅದರಲ್ಲಿ ಒಮ್ಮೆ ನನ್ನ ಹೆಸರು ನೋಡಬೇಕೆಂದೆ.

“ಅಜ್ಜಿ ಋ ಬರದೇ ಇಲ್ಲಲ್ಲ ಅಜ್ಜಾ! ನಿಮ್ಮ ಹೆಸರಂದ್ರ ಇಷ್ಟ್ ನಾಚಿಕಿ ಏನು? ಥಾಂಬಾ, ಸ್ವಲ್ಪ ತಡೀರಿ, ಬರೋಬರ್ ನೋಡತೀನಿ.”

ಕಂಪ್ಯೂಟರಿಗೆ ಕಮಾಂಡ್ ಕೊಟ್ಟು, ಒಳಗೆ ಯಾವ ಯಾವ ಅಕ್ಷರವಿದೆಯೆಂದು ಕಾಣುವಂತೆ ಫಾಂಟನ್ನು ಪಠ್ಯವಾಗಿ ಬಿಚ್ಚಿದಳು. ಋ ಇರಬೇಕಾದ ಜಾಗ ಖಾಲಿಯಿತ್ತು. ಏನೂ ತಿದ್ದದೆ ಮತ್ತೆ ಫಾಂಟಾಗಿಸಿ ನನ್ನ ಹೆಸರು ಒತ್ತಿದಳು. ಹೆಸರು ಪೂರ್ತಿ ಮೂಡಿತು.

“ನಾ ಏನೂ ಹಾಕಿಲ್ಲ ಅಜ್ಜಾ.”

ಉಳಿದ ಅಕ್ಷರಗಳು ದುಂಡಗಿದ್ದವು. ಋ ಮಾತ್ರ ನಡುಗಿತ್ತು. ಸುಮತಿಯ ಕೈ ನಡುಗತೊಡಗಿದ್ದು ರಾಮದಾಸಪೇಠದ ಆಸ್ಪತ್ರೆಯಲ್ಲಿ, ಕೊನೆಯ ದಿನಗಳಲ್ಲಿ. ಅಲ್ಲಿ ಅವಳು ಏನನ್ನೂ ಬರೆದಿರಲಿಲ್ಲ.